ಅನುಬಂಧ ಏಳು

ಚಿಕ್ಕಮುರಡಿಯ ನಾಲಾಕ್ಕೆ ಟೇಪು ಹಿಡಿದಾಗ ಹನ್ನೊಂದು ಗಂಟೆ.
ಬಿಸಿಲು ಆಗಲೇ ಎರೆಮಣ್ಣಿನ ಬಿರುಕಿಗೆ ಇಳಿದಿತ್ತು.
ಅಳತೆ ಪುಸ್ತಕದಲ್ಲಿ ಮುನ್ನೂರು ಮೀಟರು ಹೂಳು ಎತ್ತಿದ್ದಾರೆ;
ನೂರಾ ಹನ್ನೆರಡಕ್ಕೆ ಜಾಲಿಕಂಟಿ ಅಡ್ಡ ಬಂತು.
ಅದರಾಚೆ ಸಲಿಕೆ ಮುಟ್ಟಿದ ಗುರುತಿಲ್ಲ,
ಹಾವಿನ ಪೊರೆಯೊಂದು ಒಣಗುತ್ತಿತ್ತು.
‘ಮಳಿಗೆ ಮತ್ತ ಹೂಳು ಕುಂತೈತ್ರಿ ಮೇಡಂ’
ಅಂದ, ಇಂಜಿನಿಯರ್ ಸಾಹೇಬರ ಹುಡುಗ.
ಜಾಲಿಯ ಬುಡ ನನ್ನ ತೋಳಷ್ಟು ದಪ್ಪ.
ಅದನ್ನೂ ಅಳೆದು ಬರೆದುಕೊಂಡೆ.

ಸಂಜೆ ಅಗಸಿಕಟ್ಟೆಯ ಮೇಲೆ ಹಾಜರಿಪಟ್ಟಿ ಓದಿದೆ,
ಒಂದೊಂದೇ ಹೆಸರು, ಜೋರಾಗಿ.
ಓದುವುದೇ ನನ್ನ ಕೆಲಸ; ಬಸ್ ಚಾರ್ಜು ಬೇರೆ ಕೊಡುತ್ತಾರೆ.
ಮೊದಮೊದಲು ಎಲ್ಲರೂ ಹೂಂ ಅಂದರು,
ಮೆಂಬರು ಎದುರಿಗೇ ಕುರ್ಚಿ ಹಾಕಿಕೊಂಡು ಎಲೆ ಮೆಲ್ಲುತ್ತಿದ್ದರು.
‘ಹುಲಿಗೆವ್ವ ವಾಲೀಕಾರ. ಹದಿನಾಲ್ಕು ದಿನ.’
ಕಟ್ಟೆ ಸುಮ್ಮನಾಯಿತು.
ಎಲ್ಲೋ ಕುರಿಯೊಂದು ಕೆಮ್ಮಿತು.
ಆಮೇಲೆ ಹಿಂದಿನಿಂದ, ಕೂಸನ್ನು ಬಗಲಿಗೇರಿಸಿಕೊಂಡು, ರೇಣವ್ವ:
‘ನಮ್ಮವ್ವ ತೀರಿಕೊಂಡು ಮೂರು ವರ್ಷ ಆತ್ರಿ.
ಇದ್ದಾಗ ಕೆಲಸಾ ಕೊಡ್ರಿ ಅಂತ ಇದೇ ಕಟ್ಟಿಗೆ ಬಂದು ಕುಂದರತಿದ್ಲು.
ಈಗ ಕೊಟ್ಟಾರೇನು?’

ಯಾರೋ ನಕ್ಕರು. ನಗು ನಿಂತ ಮೇಲೆ ಪಟ್ಟಿ ಇಸಕೊಂಡು
ಬೆರಳಿಟ್ಟು ಹುಡುಕಿದಳು.
ಹೆಸರಿನ ಎದುರು ನೀಲಿ ಹೆಬ್ಬೆಟ್ಟು.
ಅಲ್ಲಿತನಕ ಏರದ ದನಿ ಏರಿತು:
‘ನಮ್ಮವ್ವ ಹೆಬ್ಬಟ್ಟು ಒತ್ತಾಕಿ ಅಲ್ಲ!’
ಮನೆಗೆ ಓಡಿ ಟ್ರಂಕಿನಿಂದ ತಂದಳು
ರಾತ್ರಿಶಾಲೆಯ ನೋಟುಬುಕ್ಕು, ರಟ್ಟಿಗೆ ಅರಿಷಿಣ ಮೆತ್ತಿದ್ದು.
ಪುಟದ ತುಂಬ ಅವಳದೇ ಹೆಸರು,
‘ಲಿ’ಯ ಗುಡಿಸು ಜೋಲುಬಿದ್ದು,
ಕೊನೆಯ ಒತ್ತು ಗೆರೆ ದಾಟಿ ಕೆಳಗಿನ ಸಾಲಿಗೆ ಜೋತುಬಿದ್ದು,
ಕಡೆಯ ಪುಟದಲ್ಲಿ ಮಾತ್ರ ನೆಟ್ಟಗೆ. ಅಡಿಗೆ ಎರಡು ಗೆರೆ.

ಅನುಬಂಧ ಏಳು ಎಂದು ಬರೆದು ಲಗತ್ತಿಸಿದೆ.

ಹುನಗುಂದದ ಕಚೇರಿಯಲ್ಲಿ ಕನ್ನಡಕ ಹಣೆಗೇರಿಸಿ ಕೇಳಿದರು:
‘ಸತ್ತವರ ನೋಟುಬುಕ್ಕು ಸಾಕ್ಷಿ ಹೆಂಗ ಆಗ್ತೈತಿ?’
‘ಸತ್ತವರು ಹೂಳು ಎತ್ತತಾರಲ್ರಿ, ಸರ್.’

ವಸೂಲಿಗೆ ಎಂಟು ತಿಂಗಳು ಹಿಡಿಯಿತು.
ಚಲನ್ನಿನಲ್ಲಿ ನಾಲ್ಕು ಸಾವಿರದ ಮುನ್ನೂರ ಇಪ್ಪತ್ತಾರು ರೂಪಾಯಿ,
ಕಟ್ಟಿದವನು ಗುತ್ತಿಗೆದಾರನ ಸೋದರಳಿಯ,
ಹುಲಿಗೆವ್ವನ ಕೂಲಿ ಬೀಳುತ್ತಿದ್ದದ್ದು ಅವನ ಖಾತೆಗೆ.
ಉಳಿದ ನೂರಾ ಎಂಬತ್ತೆಂಟು ಮೀಟರು
ಬಾಗಲಕೋಟೆಯ ಯಾವ ಮೇಜಿನ ಮೇಲಿದೆಯೋ.
ಫೋನು ಮಾಡಿದಾಗೆಲ್ಲ ‘ಸಾಹೇಬರು ಮೀಟಿಂಗಿನಾಗ ಅದಾರ.’
ಸೋಮವಾರ ಮತ್ತೆ ಹೋಗುತ್ತೇನೆ.

ನೋಟುಬುಕ್ಕು ಹಿಂದಿರುಗಿಸಲು ಹೋದೆ.
ಮುಟ್ಟಿತು ಎಂದು ಬರೆಸಿಕೊಳ್ಳುವುದು ನಿಯಮ.
ಇಂಕ್ ಪ್ಯಾಡು ಚೀಲದಲ್ಲಿತ್ತು, ತೆಗೆಯಲಿಲ್ಲ.
ರೇಣವ್ವ ಕೂಸನ್ನು ನನ್ನ ತೊಡೆಗೆ ಕೊಟ್ಟು
ಪೆನ್ನು ಹಿಡಿದು, ತುಟಿ ಕಚ್ಚಿ, ನಿಧಾನ ಬರೆದಳು.
ಅಡಿಗೆ ಎರಡು ಗೆರೆ ಎಳೆದಳು.
ಕೂಸು ಅಷ್ಟರಲ್ಲಿ ಟೇಪಿನ ತುದಿ ಎಳೆದು
ಬಾಯಿಗಿಟ್ಟುಕೊಂಡಿತ್ತು.