ಡಾಂಬರಿನ ಅಂಚು

ಲಿಝುಲುವಿನಲ್ಲಿ ರಸ್ತೆಯೇ ಗಡಿ.
ಉತ್ತರಕ್ಕೆ ಮುಖಮಾಡಿ ನಿಂತರೆ
ಬಲಕ್ಕೆ ಮಲಾವಿ, ಎಡಕ್ಕೆ ಮೊಝಾಂಬಿಕ್,
ನಡುವೆ ಎರಡು ಲಾರಿ ಉಸಿರು ಬಿಗಿಹಿಡಿದು ದಾಟುವಷ್ಟು ಡಾಂಬರು.
ಆಲೂಗಡ್ಡೆ ಹೇರಿಕೊಂಡು ಡೆಡ್ಜಾ ಕಡೆ ಹೊರಟವನನ್ನು
ಮಿನಿಬಸ್ಸು ಎಡಕ್ಕೆ ಒತ್ತಿದರೆ
ಬೀಳುವುದು ಪರದೇಶಕ್ಕೆ.
ಪಾಸ್‌ಪೋರ್ಟು ಕೇಳುವವರಿಲ್ಲ.

ನೀಲಗಿರಿ ಮರದಡಿ ನನ್ನ ಅಂಗಡಿ:
ಒಂದು ಪಂಪು, ಒಂದು ಬಾಂಡಲಿ ನೀರು,
ಹಳೇ ಟ್ಯೂಬಿನ ತೇಪೆಗಳು, ಮೊಳೆಗೆ ತೂಗುಬಿಟ್ಟ ರಿಮ್ಮುಗಳು.
ರಿಮ್ಮು ನೋಡಿದರೆ ಸಾಕು, ಹೇಳಿಬಿಡುತ್ತೇನೆ:
ಹಿಂದಿನ ಚಕ್ರ ಒಣಎಲೆಯಂತೆ ಮಡಚಿದ್ದರೆ
ಲಾರಿ, ನಿದ್ದೆಗಣ್ಣಿನದು.
ಹ್ಯಾಂಡಲ್ಲಿನ ಬಲತುದಿ ಮಾತ್ರ ತರಚಿದ್ದರೆ
ಮಿನಿಬಸ್ಸಿನ ಕನ್ನಡಿ.
ಎಲ್ಲೂ ಏನೂ ಆಗದೆ
ಬೆಲ್ಲು ಕೂಡ ಮೊದಲಿನಂತೆ ಬಾರಿಸುತ್ತಿದ್ದರೆ
ಸವಾರನ ಬಗ್ಗೆ ನಾನು ಕೇಳುವುದಿಲ್ಲ.

ಜೀವ ಕೈಯಲ್ಲಿ ಹಿಡಿದು ಹೋಗಬೇಕು ಎನ್ನುತ್ತಾರೆ.
ಎರಡೂ ಕೈ ಹ್ಯಾಂಡಲ್ಲಿನ ಮೇಲಿರುವವನು
ಅದನ್ನು ಎಲ್ಲಿ ಹಿಡಿಯಬೇಕು?

ಹಾರ್ನು ಇಲ್ಲಿ ಎಚ್ಚರಿಕೆಯಲ್ಲ, ಅಪ್ಪಣೆ.
ಒಂದು ಸಲ: ಬಂದೆ.
ಎರಡು ಸಲ: ನಿಲ್ಲಲಾರೆ.
ಉದ್ದಕ್ಕೆ ಹಿಡಿದರೆ ಏನರ್ಥವೋ,
ಕೇಳಿಸಿಕೊಂಡವರು ಹೇಳಲು ಬಂದಿಲ್ಲ.
ಡಾಂಬರು ಮುಗಿದಲ್ಲಿ ಒಂದು ಗೇಣು ಇಳಿತ,
ಇಳಿದರೆ ಚಕ್ರ ಹೊರಳುತ್ತದೆ, ಇಳಿಯದಿದ್ದರೆ ಬಸ್ಸು.
ಯೋಚಿಸಲು ಸಿಗುವುದು ಒಂದು ಪೆಡಲಿನ ಅರ್ಧ ಸುತ್ತು.

ಲಮೇಕಿಗೆ ಒಂದು ಕನ್ನಡಿ ಕಟ್ಟಿಕೊಟ್ಟಿದ್ದೆ,
ಗುಜರಿ ಮಿನಿಬಸ್ಸಿನದು, ತಂತಿ ಸುತ್ತಿ.
ಎರಡು ದಿನಕ್ಕೆ ಬಿಚ್ಚಿ ತಂದ.
"ಹಿಂದೆ ಬರುವುದನ್ನು ಕಾಣುತ್ತಾ ಏರು ತುಳಿಯಲಾಗದು ಮಾರಾಯ."
ಮರಕ್ಕೆ ನೇತುಹಾಕಿದೆ.
ಈಗ ಅದರಲ್ಲಿ ಟೊಮೇಟೊ ಮಾರುವವಳು ತಲೆವಸ್ತ್ರ ಸರಿಮಾಡಿಕೊಳ್ಳುತ್ತಾಳೆ,
ಅವಳ ಕಿವಿಯ ಪಕ್ಕದಲ್ಲೇ
ಲಾರಿಗಳು ಹಾದುಹೋಗುತ್ತವೆ.

ಆ ಗುರುವಾರ ಮಂಜು.
ಎರಡು ಚೀಲ, ತೊಂಬತ್ತು ಕಿಲೋ, ಮತ್ತು ಲಮೇಕಿ.
ಮಿನಿಬಸ್ಸು ನಿಲ್ಲಲಿಲ್ಲ. ಹಿಂದಿನ ಗಾಜಿನ ಮೇಲೆ
ದೇವರಿದ್ದಾನೆ ಎಂದು ಬರೆದಿತ್ತಂತೆ.
ನಮಗೆ ಓದಲು ಸಿಗುವುದು ಯಾವಾಗಲೂ
ದಾಟಿಹೋದ ಮೇಲೆ.

ಆಲೂಗಡ್ಡೆ ಎರಡೂ ದೇಶಕ್ಕೆ ಉರುಳಿದವು.
ಪೊಲೀಸರು ಇಬ್ಬರು ಬಂದರು, ಟೇಪು ಹಿಡಿದರು.
ಕಾಲು ಈ ಕಡೆ, ತಲೆ ಆ ಕಡೆ,
ದೂರು ಯಾವ ಠಾಣೆಯದು?
ಮಧ್ಯಾಹ್ನದ ತನಕ ಅದೇ ಚರ್ಚೆ. ಯಾರೋ ಚಾದರ ಹೊದಿಸಿದರು.
ಮಕ್ಕಳು ಆಯ್ದು ತಂದರು. ಎಲ್ಲವೂ ಬಂತು ಎನ್ನಲಾರೆ,
ಎರಡು ಚೀಲದಲ್ಲಿ ಒಂದೂವರೆ ಬಂತು.

ಡ್ರೈವರ್ ಯಾರೆಂದು ನನಗೆ ಗೊತ್ತು.
ಸಂಜೆಯೊಳಗೆ ಮಾಲೀಕನ ಕೈಗೆ ದುಡ್ಡು ಎಣಿಸಬೇಕು,
ಹದಿನಾಲ್ಕು ಸೀಟಿಗೆ ಇಪ್ಪತ್ತೆರಡು ಜನ ತುಂಬಬೇಕು.
ಅವನ ಅಪ್ಪನ ಸೈಕಲ್ಲಿಗೆ ಚೈನು ಹಾಕಿದ್ದು ನಾನೇ.
ಮೊನ್ನೆ ಸಂತೆಯಲ್ಲಿ ಸಿಕ್ಕ. ಹೇಗಿದ್ದೀಯ ಎಂದೆ.
ಬಾಯಿಂದ ಬಂದುಬಿಟ್ಟಿತು. ಈಗಲೂ ಅದಕ್ಕೆ ನಾಚುತ್ತೇನೆ.

ಹನ್ನೊಂದನೆಯ ದಿನ ಎನೆಲೆಸಿ ಬಂದಳು,
ಸೈಕಲ್ಲನ್ನು ಎತ್ತಿ, ಹಿಂದಿನ ಚಕ್ರ ನೆಲಕ್ಕೆ ತಾಗಿಸದೆ.
ರಿಮ್ಮು ನೆಟ್ಟಗಾಗುವುದಿಲ್ಲ ತಂಗಿ, ಎಂದೆ.
ಹಳೆಯದೊಂದು ಹಾಕು, ಎಂದಳು.
ಒಂದೂವರೆ ಚೀಲ ಮೊಳಕೆ ಒಡೆಯುತ್ತಿದೆ, ಎಂದಳು.
ಕಡ್ಡಿ ಬಿಗಿದೆ. ಎಣ್ಣೆ ಬಿಟ್ಟೆ. ಚಕ್ರ ತಿರುಗಿಸಿದೆ,
ಕೇಳಬಾರದೆಂದುಕೊಂಡೇ ಕೇಳಿದೆ:
ಯಾರು ಓಡಿಸುತ್ತಾರೆ?

ಅವಳು ಸೀಟಿನ ಮೇಲೆ ಅಂಗೈ ಊರಿ
ತನ್ನ ಸೊಂಟಕ್ಕೆ ಅಳೆದಳು.
"ಎರಡು ಬೆರಳು ಇಳಿಸು."

ಬೋಲ್ಟು ಜಂಗು ಹಿಡಿದಿತ್ತು.
ಸ್ಪಾನರು ಒತ್ತುತ್ತಿರುವಾಗ ಏರಿನ ಕೆಳಗಿನಿಂದ
ಹಾರ್ನು, ಎರಡು ಸಲ.
ಮಾತು ನಿಲ್ಲಿಸದೆ, ತಿರುಗಿ ನೋಡದೆ,
ಸೈಕಲ್ಲನ್ನು ನಡುವೆ ಹಿಡಿದು
ಇಬ್ಬರೂ ಒಂದು ಹೆಜ್ಜೆ ಸರಿದೆವು,
ಮೊಝಾಂಬಿಕ್ಕಿನೊಳಕ್ಕೆ.