ಖೋರ್ ಖ್ವೈರ್‌ನಲ್ಲಿ ರಾಶಿ ಅಳೆದದ್ದು

ಡಿಸೆಂಬರಿನ ಶುಕ್ರವಾರ, ಜುಮಾ ಹೊತ್ತು.
ಲೋಡರುಗಳು ನೆಲಕ್ಕೆ ಮೂತಿ ಊರಿ ನಿಂತಿವೆ,
ಕ್ರಷರು ಬಾಯಿ ಮುಚ್ಚಿದೆ.
ವಾರಕ್ಕೆ ಇದೊಂದು ಗಳಿಗೆ ನನ್ನದು:
ಯಾವುದೂ ಅಲುಗುವುದಿಲ್ಲ.

ಬೆನ್ನಿಗೆ, ಕಡಿದು ಕಡಿದು ಮೆಟ್ಟಿಲಾದ ಬೆಟ್ಟ.
ಎದುರಿಗೆ ಕೊಲ್ಲಿ, ಬಾರ್ಜು, ಸುಣ್ಣದ ಧೂಳಿಗೆ
ಹಾಲು ಒಡೆದ ಹಾಗೆ ಬಿಳಿಚಿದ ನೀರು.
ನಡುವೆ ಜಲ್ಲಿಯ ರಾಶಿ. ಎಷ್ಟಿದೆ ಹೇಳು ಎಂದು ಹೋಗಿದ್ದಾನೆ
ಜೋರ್ಡಾನಿನ ಅಬು ಲುಅಯ್, ಸಂಜೆ ಹಡಗು ಬರುವುದರೊಳಗೆ.

ಐದು ಕಡೆ ಕಪ್ಪು-ಬಿಳಿ ಹಲಗೆ ಹಾಸಿ
ಗಾಳಿಗೆ ಹಾರದಂತೆ ಕಲ್ಲು ಹೇರಿ
ಒಂದೊಂದರ ನಡುಬಿಂದುವಿಗೂ ವಿಳಾಸ ಬರೆದುಕೊಂಡೆ.
ಡ್ರೋನು ಎದ್ದಿತು. ಉತ್ತ ಸಾಲಿನ ಪಕ್ಕ ಸಾಲು,
ಹೋಗಿ ತಿರುಗಿ, ಹೋಗಿ ತಿರುಗಿ,
ನೂರರಲ್ಲಿ ಎಂಬತ್ತು ಪಾಲು ಕಂಡದ್ದನ್ನೇ ಕಂಡು
ಮುನ್ನೂರ ಹನ್ನೆರಡು ಚಿತ್ರ.

ಕಂಡದ್ದನ್ನೇ ಯಾಕೆ ಕಾಣಬೇಕು ಎಂದು ಕೇಳಿದ
ಗೇಟಿನ ಹುಡುಗ ಜೋಬಿನ್. ಹೆಬ್ಬೆರಳು ಚಾಚು ಎಂದೆ,
ಒಂದು ಕಣ್ಣು ಮುಚ್ಚು, ಈಗ ಇನ್ನೊಂದು.
ಅವನ ಬೆರಳು ಕ್ರೇನಿನಿಂದ ಮಸೀದಿಯ ಮಿನಾರಿಗೆ ಜಿಗಿಯಿತು,
ನಕ್ಕ. ಆ ಜಿಗಿತದಲ್ಲೇ ಇದೆ ದೂರದ ಲೆಕ್ಕ;
ಹತ್ತಿರದ್ದು ಹೆಚ್ಚು ಜಿಗಿಯುತ್ತದೆ, ದೂರದ್ದು ಕದಲುವುದಿಲ್ಲ.
(ಮನೆಯ ವಿಷಯದಲ್ಲಿ ಇದು ತಲೆಕೆಳಗು.
ಅದನ್ನು ಅವನಿಗೆ ಹೇಳಲಿಲ್ಲ.)

ಪೋರ್ಟಾಕ್ಯಾಬಿನ್ನಿನಲ್ಲಿ ಸುಲೈಮಾನಿ ತಣ್ಣಗಾಗುತ್ತಿತ್ತು.
ಯಂತ್ರ ಚಿತ್ರಕ್ಕೆ ಚಿತ್ರ ಹೊಸೆದು, ಒಂದೇ ಕಲ್ಲನ್ನು
ಹದಿನಾಲ್ಕು ಕಡೆಯಿಂದ ಗುರುತು ಹಿಡಿದು
ಚುಕ್ಕಿ ಇಟ್ಟಿತು. ರಂಗೋಲಿಯಲ್ಲ, ಗೆರೆ ಕೂಡಿಸುವವರಿಲ್ಲ,
ಬರೀ ಚುಕ್ಕಿ, ಕೋಟಿಗಟ್ಟಲೆ, ರಾಶಿಯಾಗುವ ತನಕ.

ಅಲುಗಿದ್ದು ಇದರ ಲೆಕ್ಕಕ್ಕೆ ಸಿಗುವುದಿಲ್ಲ.
ನೀರಿನ ಕ್ಯಾನು ಹೊತ್ತು ದಾಟಿದವನು ಒಂದು ಚಿತ್ರದಲ್ಲಿ ಇಲ್ಲಿ,
ಮುಂದಿನದರಲ್ಲಿ ಅಲ್ಲಿ; ಎರಡೂ ಸುಳ್ಳೆಂದು ಒರೆಸಿತು.
ಸಮುದ್ರವೂ ಹಾಗೇ, ಅಲೆಯಿದ್ದಲ್ಲಿ ತೂತು.
ನಾಲ್ಕು ವರ್ಷದ ನನ್ನ ನಕ್ಷೆಗಳಲ್ಲಿ
ಒಬ್ಬ ಮನುಷ್ಯನೂ ಇಲ್ಲ.
ಅದನ್ನು ನಾವು ಶುಭ್ರ ಎನ್ನುತ್ತೇವೆ.

ಇವತ್ತು ಮಾತ್ರ, ರಾಶಿಯ ತೆಂಕಣ ಇಳಿಜಾರಲ್ಲಿ
ಒಂದು ಉಬ್ಬು. ಹತ್ತಿರ ಎಳೆದೆ. ಜಾಕೆಟ್ಟಿನ ಹಳದಿ ಪಟ್ಟಿ,
ಮಡಿಚಿದ ಮೊಣಕಾಲು, ಎದೆಯ ಮೇಲೆ ಹೆಲ್ಮೆಟ್ಟು.
ರಾತ್ರಿಪಾಳಿ ಮುಗಿಸಿದ ತಿಲ್ಮಾನ್ ಪುನ್,
ಚಳಿಗಾಲದ ಬಿಸಿಲಿಗೆ ಮೈಚೆಲ್ಲಿ
ಎಂಥ ನಿದ್ದೆ ಹೊಡೆದಿದ್ದಾನೆಂದರೆ
ಇಪ್ಪತ್ತಾರು ಚಿತ್ರದಲ್ಲೂ ಅದೇ ಮಗ್ಗುಲು.
ಯಂತ್ರ ನಂಬಿಬಿಟ್ಟಿದೆ. ಜಲ್ಲಿಯೆಂದೇ ಸೇರಿಸಿಕೊಂಡಿದೆ.

ರಾಗಿ ರಾಶಿ ಅಳೆಯುತ್ತಿದ್ದಳು ಸೋದರತ್ತೆ ಚೆಲುವಮ್ಮ,
ನಾಗಮಂಗಲದ ಕಣದಲ್ಲಿ. ಮೊದಲ ಕೊಳಗಕ್ಕೆ ಒಂದು ಎನ್ನಳು,
ಲಾಭ ಎನ್ನುವಳು; ಆಮೇಲೆ ಎರಡು, ಮೂರು.
ಕೊಳಗದ ಬಾಯಿ ಸವರುವ ಕೈ ಮಾತ್ರ
ಯಾರ ಮುಲಾಜಿಗೂ ಬೀಳದು. ಕಾಳಿನಲ್ಲಿ ಕಲ್ಲು ಕಂಡರೆ
ಎತ್ತಿ ಬಿಸಾಡಿಯೇ ಮುಂದಿನ ಎಣಿಕೆ.
ನಾನೀಗ ಕಲ್ಲಿನಲ್ಲಿ ಕಂಡ ಕಾಳನ್ನು
ಎತ್ತಿಡಬೇಕು.

ಅವನ ಸುತ್ತ ಗೆರೆ ಎಳೆದೆ, ಹೆಲ್ಮೆಟ್ಟು ಸೇರಿಸಿ.
ಕೆಳಗಿನ ಇಳಿಜಾರನ್ನು ಅಂದಾಜಲ್ಲಿ ಹೊಲಿದೆ.
ರಾಶಿ: ಹದಿನೆಂಟು ಸಾವಿರದ ನಾನೂರ ಆರು ಘನ ಮೀಟರು.
ಕಳೆದದ್ದು: ಸೊನ್ನೆ ಬಿಂದು ಸೊನ್ನೆ ಏಳು.
ಏಳು.
ಬಾಯಿಬಿಟ್ಟು ಓದಿದೆ, ಅಷ್ಟೇ; ಯಾರೂ ಇರಲಿಲ್ಲ,
ಆದರೂ ಯಾರನ್ನೋ ಎಬ್ಬಿಸಿದ ಹಾಗಾಗಿ
ಕಿಟಕಿಯತ್ತ ನೋಡಿದೆ.

ನಮಾಜು ಮುಗಿಸಿ ಬಂದ ಅಬು ಲುಅಯ್ ನಕ್ಕ.
ನೂರಕ್ಕೆ ಒಂದೂವರೆ ತಪ್ಪು ಮಾಫಿ, ಇದಕ್ಕೇಕೆ ಇಷ್ಟು ತಲೆಬಿಸಿ?
ಲೆಕ್ಕ ಹಾಕಿದೆ: ಆ ಒಂದೂವರೆಯೊಳಗೆ
ಸುಮಾರು ನಾಲ್ಕು ಸಾವಿರ ತಿಲ್ಮಾನರು
ಒಬ್ಬರಿಗೊಬ್ಬರು ತಾಗದೆ ಮಲಗಬಹುದು.

ವರದಿ ಕಳಿಸಿದೆ. ತೆಗೆದ ತುಂಡನ್ನು ಅಳಿಸಲು ಮನಸ್ಸು ಬರಲಿಲ್ಲ,
ಬೇರೆ ಕಡತವಾಗಿ ಇಟ್ಟೆ. ಹೆಸರೇನು ಎಂದಿತು ಯಂತ್ರ.
ಅತ್ತೆಯ ಮೊದಲ ಕೊಳಗದ ಹೆಸರು ಕೊಟ್ಟೆ.

ಅಷ್ಟರಲ್ಲಿ ಲೋಡರು ಗುಡುಗಿತು. ತಿಲ್ಮಾನ್ ಎದ್ದು
ಬೆನ್ನು ಕೊಡವಿಕೊಂಡ. ನಾಲ್ಕೈದು ಹರಳು ರಾಶಿಗೆ ವಾಪಸು,
ಒಂದು ಅವನ ಬೂಟಿನೊಳಗೆ ಹೋಯಿತು.