ಯದುಲ್ಲಾ ಸುರಂಗದೊಳಗೆ ಹೇಳಿದ್ದು

ಈವತ್ತಿಗೂ ಇಳಿಯುವ ಮುಂಚೆ ಬಿಳಿ ಅಂಗಿಯನ್ನೇ ತೊಡುತ್ತೇನೆ.
ಮೇಲಿನ ಮಣ್ಣು ಕುಸಿದರೆ ಕಫನ್ ಹುಡುಕುವ ಕೆಲಸ ಉಳಿಯಿತು ಅಂತ
ಅಪ್ಪ ನಗುತ್ತಿದ್ದ. ಅವನ ಅಪ್ಪನೂ ಅದೇ ಮಾತಿಗೆ ನಕ್ಕಿರಬೇಕು.
ಯಜ್ದಿನ ಈ ಬಯಲಲ್ಲಿ ನಗುವುದಕ್ಕೆ ಬೇರೆ ವಿಷಯ ಕಡಿಮೆ.

ಹದಿನೇಳು ಮಾರು ಆಳ. ನಾಲ್ಕನೆಯ ತಿಂಗಳು.
ಬತ್ತಿದ ಕನಾತನ್ನು ಬೆಟ್ಟದ ಕಡೆಗೆ ಇನ್ನಷ್ಟು ಉದ್ದ ಮಾಡುತ್ತಿದ್ದೇನೆ.
ಗುದ್ದಲಿ, ಕುಕ್ಕರಗಾಲು, ಎಣ್ಣೆಯ ಹೊಗೆ.
ಎದುರಿಗೆ ಒಣ ಜಲ್ಲಿಗೋಡೆ, ಒಡೆದರೆ ಅದರ ಹಿಂದೆ
ಅಂಥದೇ ಇನ್ನೊಂದು.

ಖುದಾ, ನಿನ್ನೆದುರು ಸುಳ್ಳು ಯಾಕೆ?
ರೂಹಂಗೀಜ್ ಹೋದ ಮೇಲೆ ನನ್ನ ನಮಾಜು
ಬಾಯಿಗೆ ಹಾಕಿಕೊಂಡ ಒಣ ಹಿಟ್ಟು.
ನುಂಗಲಾಗುವುದಿಲ್ಲ, ಉಗುಳಲು ಮನಸ್ಸಿಲ್ಲ.
ಮೂರು ವರ್ಷ. ಹಣೆ ನೆಲಕ್ಕೆ ಮುಟ್ಟುತ್ತದೆ,
ನೆಲ ನೆಲದ ಹಾಗೇ ಇರುತ್ತದೆ.
ಬುತ್ತಿಗೆ ಅವಳು ಹಾಕುತ್ತಿದ್ದ ಗಂಟು ನನಗೆ ಬರುವುದಿಲ್ಲ,
ರೊಟ್ಟಿ ದಾರಿಯಲ್ಲೇ ಉದುರುತ್ತದೆ.
ಮುಲ್ಲಾ ತಾಳ್ಮೆ ಅಂದರು.
ಅದು ಎಷ್ಟು ಮಾರಿಗೆ ಸಿಗುತ್ತದೆ ಎಂದು ಕೇಳಿದೆ.
ಅವರು ಚಹಾ ತರಿಸಿದರು.

ಅಪ್ಪ ಕಲಿಸಿದ್ದು ಒಂದೇ ವಿದ್ಯೆ.
ಕತ್ತಲಲ್ಲಿ ನೆಟ್ಟಗೆ ಹೋಗಬೇಕೆಂದರೆ
ಮುಂದೆ ನೋಡಿ ಪ್ರಯೋಜನವಿಲ್ಲ, ಮುಂದೆ ಇರುವುದು ಗೋಡೆ.
ಬೆನ್ನ ಹಿಂದೆ ಎರಡು ದೀಪ ಇಡು,
ಒಂದರ ಹಿಂದೆ ಒಂದು. ಆಗಾಗ ಕತ್ತು ತಿರುಗಿಸು.
ಎರಡೂ ಒಂದಾಗಿ ಕಂಡರೆ ಸರಿಯಿದೆ, ತೋಡು.
ಬೇರೆ ಬೇರೆ ಕಂಡರೆ ನೀನು ವಾಲಿದ್ದೀ.
ಅಷ್ಟೇ. ನೀರಿನ ಬಗ್ಗೆ ಅವನು ಏನೂ ಹೇಳಲಿಲ್ಲ.

ಕತ್ತು ತಿರುಗಿಸಿದೆ.
ಹತ್ತಿರದ ದೀಪ ಈವತ್ತು ಬೆಳಿಗ್ಗೆ ನಾನೇ ಹಚ್ಚಿದ್ದು.
ದೂರದ್ದನ್ನು ಯಾವಾಗ ಹಚ್ಚಿದೆನೋ.
ಅವಳು ಹೆರಿಗೆಯ ಕೋಣೆಯಲ್ಲಿ ಕೂಗುತ್ತಿದ್ದ ರಾತ್ರಿ
ಅಂಗಳದ ದಾಳಿಂಬೆಯ ಕೆಳಗೆ
ಒಂದು ಆಯತ್ತೂ ನೆನಪಾಗದೆ ನಿಂತಿದ್ದೆ, ಆಗ
ಪಕ್ಕದಲ್ಲಿ ಯಾರೋ ಸುಮ್ಮನೆ ಬಂದು ನಿಂತ ಹಾಗಾಗಿತ್ತಲ್ಲ,
ಆ ದೀಪ.
ಅಂದಿನಿಂದ ಎಣ್ಣೆ ಹಾಕಿಲ್ಲ. ಉರಿಯುತ್ತಲೇ ಇದೆ.
ಎರಡೂ ನಿಜವಾಗಿ ಒಂದಾಗಿವೆಯೋ, ಕಣ್ಣೇ ಮಂಜಾಗಿದೆಯೋ.
ಅರವತ್ತೊಂದರ ಕಣ್ಣು, ಹೇಗೆ ನಂಬಲಿ?

ಸರಿ, ತೋಡುತ್ತೇನೆ.
ನೀನು ಮಾತಾಡದಿದ್ದರೆ ಬೇಡ.

ಮಧ್ಯಾಹ್ನದ ಹೊತ್ತಿಗೆ ಮೇಲಿನಿಂದ
ರಾಟೆ ತಿರುಗಿಸುವ ಹುಡುಗ, ತಂಗಿಯ ಮೊಮ್ಮಗ ಸಿಯಾವಶ್, ಬೈದ:
“ಅಜ್ಜಾ, ಚೀಲ ಇಷ್ಟು ತುಂಬಬೇಡ, ತೋಳು ಕಿತ್ತು ಬರುತ್ತೆ!”
ಎಂದಿನಷ್ಟೇ ತುಂಬಿದ್ದೇನೆ ಮಗಾ, ಅಂದೆ.
“ಸುಳ್ಳು. ತೂಕ ಜಾಸ್ತಿಯಾಗಿದೆ. ಬೆಳಗಿನಿಂದಲೇ.”

ಬೆಳಗಿನಿಂದಲೇ.

ಗೋಡೆಗೆ ಅಂಗೈ ಇಟ್ಟೆ.
ಜಡ್ಡುಗಟ್ಟಿದ ಅಂಗೈ, ಅದಕ್ಕೇನೂ ತಿಳಿಯಲಿಲ್ಲ.
ಕೆನ್ನೆ ಇಟ್ಟೆ.